ಬಿಸಿಲಿನ ಲೇಪಕ್ಕೆ ಬಳಪದ ಪುಡಿ

ಹಾವೇರಿ ಸೀಮೆಯಲ್ಲಿ ಸೂರ್ಯನು ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಯ ಮೇಲೆ ಬಂದು ನಿಲ್ಲುತ್ತಾನೆ: ಏಪ್ರಿಲ್ ತಿಂಗಳ ಕೊನೆಯ ಹೊತ್ತಿಗೆ ಒಮ್ಮೆ, ಆಗಸ್ಟ್ ನಡುವಿನ ಹೊತ್ತಿಗೆ ಇನ್ನೊಮ್ಮೆ. ಎರಡನೆಯ ಸಲ ಮಳೆಗಾಲದ ಮೋಡಗಳು ಅವನಿಗೆ ಅಡ್ಡ ಬರುವುದುಂಟು. ಮೊದಲನೆಯ ಸಲ ಅಂಥ ಮರೆ ಅಪರೂಪ. ಬ್ಯಾಡಗಿಯ ಮೆಣಸಿನಕಾಯಿಗೆ ಈ ಬಿಸಿಲು ಬೇಕು. ಒಣಗದ ಕಾಯಿ ಚೀಲ ಸೇರಿದರೆ ಬೂಷ್ಟು ಹಿಡಿಯುತ್ತದೆ. ಆದರೆ ಬೇಕೆಂದ ಬಿಸಿಲೇ ಹೆಚ್ಚಾದರೆ ಕಾಯಿಯ ಕೆಂಪು ಮಾಸುತ್ತದೆ. ಬಣ್ಣಕ್ಕಾಗಿಯೇ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕಾಯಿ ಅದು. ಆದುದರಿಂದ ಒಣಗಿದ ಬಳಿಕ ಅದನ್ನು ಬಿಸಿಲಿಗೆ ಬಿಡದೆ ಶೀತಗೃಹದ ಕತ್ತಲೆಗೆ ಸಾಗಿಸುತ್ತಾರೆ. ಮೆಣಸಿನಕಾಯಿಯ ವಿಷಯದಲ್ಲಿ ಇಷ್ಟು ಎಚ್ಚರವಿರುವ ಊರಿನಲ್ಲಿ ಮನುಷ್ಯರ ಮುಖದ ವಿಷಯದಲ್ಲಿ ಎಷ್ಟು ಎಚ್ಚರವಿದೆ?

ಹಾವೇರಿಯಲ್ಲಿ ಮನೆ, ಬ್ಯಾಡಗಿಯ ಆಚೆಯ ಹಳ್ಳಿಯೊಂದರಲ್ಲಿ ಶಾಲೆ—ಹೀಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಒಬ್ಬ ಉಪಾಧ್ಯಾಯಿನಿಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ವಯಸ್ಸು ನಾಲ್ವತ್ತು. ಕೆನ್ನೆಗಳೆರಡರ ಮೇಲೂ ಬಂಗು ಮೂಡಿದೆ. ಚರ್ಮವೈದ್ಯರು ಔಷಧದೊಡನೆ ಒಂದು ಬಿಸಿಲುರಕ್ಷಕ ಲೇಪವನ್ನೂ ಬರೆದುಕೊಟ್ಟು, “ಮಳೆಯಿರಲಿ, ಮೋಡವಿರಲಿ, ಇದನ್ನು ತಪ್ಪಿಸಬೇಡಿ” ಎಂದು ಹೇಳಿದ್ದರು. ಆಕೆ ಮೂರು ತಿಂಗಳು ತಪ್ಪಿಸಲಿಲ್ಲ; ಬಂಗು ತಿಳಿಯಾಗತೊಡಗಿತು. ನಾಲ್ಕನೆಯ ತಿಂಗಳು ಲೇಪದ ಕೊಳವೆ ಕಪಾಟಿನ ಮೂಲೆ ಸೇರಿತು; ಬಂಗು ಹಿಂದಿರುಗಿತು.

ರಾಣೆಬೆನ್ನೂರಿನ ತಂಗಿಯ ಮಗಳು ರಜೆಗೆ ಬಂದಾಗ ಈ ಸಂಗತಿ ಹೊರಬಿದ್ದಿತು. ಹುಡುಗಿ ಔಷಧಶಾಸ್ತ್ರದ ವಿದ್ಯಾರ್ಥಿನಿ.

“ದೊಡ್ಡವ್ವ, ಹಚ್ಚೂದ ಯಾಕ ಬಿಟ್ಟಿ?” ಎಂದಳು.

“ಮಾರಿ ಎಣ್ಣಿ ಸುರದಂಗ ಆಕ್ಕೇತವಾ. ನಾಕ ಮಂದ್ಯಾಗ ಹೆಂಗ ನಿಲ್ಲಬೇಕು?” ಎಂದರು ದೊಡ್ಡವ್ವ.

ಈ ಉತ್ತರವನ್ನು ಕೇಳಿ ನಗುವುದು ಸುಲಭ. ಆದರೆ ಔಷಧವು ಎಷ್ಟೇ ಒಳ್ಳೆಯದಾದರೂ ಅದನ್ನು ಹಚ್ಚಿಕೊಳ್ಳದವರಿಗೆ ಅದರಿಂದ ಪ್ರಯೋಜನವಿಲ್ಲ. ಬಿಸಿಲುರಕ್ಷಕ ಲೇಪದ ಶಕ್ತಿಯನ್ನು ಪ್ರಯೋಗಶಾಲೆಯಲ್ಲಿ ಅಳೆಯುವಾಗ ಚರ್ಮದ ಪ್ರತಿಯೊಂದು ಚದರ ಸೆಂಟಿಮೀಟರಿಗೂ 2 ಮಿಲಿಗ್ರಾಂ ಲೇಪವನ್ನು ಹಚ್ಚಿರುತ್ತಾರೆ. ಜನರು ತಾವಾಗಿ ಹಚ್ಚಿಕೊಳ್ಳುವುದು ಸಾಮಾನ್ಯವಾಗಿ ಅದರ ಅರ್ಧ, ಕೆಲವೊಮ್ಮೆ ಕಾಲುಭಾಗ. ಕಾರಣ ಜಿಪುಣತನವಲ್ಲ, ಜಿಗುಟು, ಮಿಂಚು ಮತ್ತು ಸುಣ್ಣ ಬಳಿದಂಥ ಬಿಳುಪು. ಈ ಮೂರರ ನಿವಾರಣೆ ಆದರೆ ಹಚ್ಚುವ ಪ್ರಮಾಣ ತಾನಾಗಿಯೇ ಸರಿಹೋಗುತ್ತದೆ. ಲೇಪ ತಯಾರಿಸುವವರು ಮಿಂಚನ್ನು ಅಡಗಿಸುವ ಖನಿಜದ ಪುಡಿಗಳಿಗಾಗಿ ಇಷ್ಟು ಹುಡುಕಾಡುವುದು ಕೇವಲ ಅಲಂಕಾರಕ್ಕಾಗಿ ಅಲ್ಲ.

ಮುಖ ಮಿಂಚುವುದೇಕೆ? ಗಾಳಿಯಿಲ್ಲದ ಹೊತ್ತಿನಲ್ಲಿ ಹಾವೇರಿಯ ಹೆಗ್ಗೇರಿ ಕೆರೆ ಕನ್ನಡಿಯಂತಿರುತ್ತದೆ. ಸೂರ್ಯನ ಬಿಂಬ ಕಣ್ಣು ಕೋರೈಸುತ್ತದೆ. ಗಾಳಿ ಬೀಸಿ ತೆರೆಗಳೆದ್ದರೆ ಅದೇ ಬೆಳಕು ಹತ್ತು ಕಡೆಗೆ ಚದುರಿ ಬಿಂಬ ಒಡೆಯುತ್ತದೆ. ಮುಖದ ಮೇಲಿನ ಎಣ್ಣೆಯ ತೆಳುಪದರ ಗಾಳಿಯಿಲ್ಲದ ಕೆರೆ ಇದ್ದಂತೆ. ಅದರಲ್ಲಿ ನುಣ್ಣನೆಯ ಪುಡಿ ಸೇರಿದರೆ ಎರಡು ಕೆಲಸ ನಡೆಯುತ್ತವೆ. ಪುಡಿಯ ಕಣಗಳು ಎಣ್ಣೆಯನ್ನು ಹೀರಿಕೊಳ್ಳುತ್ತವೆ. ಮತ್ತು ಪದರದ ಮೇಲ್ಮೈಯಲ್ಲಿ ತಲೆಯೆತ್ತಿ ನಿಂತು ಅದನ್ನು ಸೂಕ್ಷ್ಮವಾಗಿ ಒರಟುಗೊಳಿಸುತ್ತವೆ. ಬೆಳಕು ಚದುರುತ್ತದೆ, ಮಿಂಚು ಅಡಗುತ್ತದೆ.

ಹಾಗಾದರೆ ಯಾವುದಾದರೂ ಬಿಳಿಯ ಪುಡಿಯನ್ನು ಕಲಸಿದರೆ ಸಾಲದೆ? ಸಾಲದು. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ. ಮಿರ್ಚಿ ಭಜಿ ಕಟ್ಟಿದ ಕಾಗದ ಸಾಕು. ಎಣ್ಣೆ ತಾಗಿದ ಕಡೆ ಕಾಗದ ತನ್ನ ಬಿಳುಪನ್ನು ಕಳೆದುಕೊಂಡು ಅರೆಪಾರದರ್ಶಕವಾಗುತ್ತದೆ. ಒಣ ಕಾಗದದಲ್ಲಿ ನಾರುಗಳ ನಡುವೆ ಗಾಳಿಯಿದೆ. ನಾರಿಗೂ ಗಾಳಿಗೂ ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಬಹಳ ಅಂತರ. ಆದುದರಿಂದ ಬೆಳಕು ಚದುರಿ ಕಾಗದ ಬೆಳ್ಳಗೆ ಕಾಣುತ್ತದೆ. ಗಾಳಿಯ ಜಾಗಕ್ಕೆ ಎಣ್ಣೆ ಬಂದರೆ ಆ ಅಂತರ ಕಡಮೆಯಾಗುತ್ತದೆ. ಬೆಳಕು ಚದುರದೆ ಸಾಗಿಹೋಗುತ್ತದೆ.

ಬೆಳಕನ್ನು ಬಾಗಿಸುವ ಈ ಶಕ್ತಿಗೆ ಭೌತಶಾಸ್ತ್ರಜ್ಞರು ವಕ್ರೀಭವನಾಂಕವೆಂದು ಹೆಸರಿಟ್ಟು ಅಳತೆ ಕೊಟ್ಟಿದ್ದಾರೆ. ಗಾಳಿಗೆ ಸುಮಾರು 1. ಎಣ್ಣೆಗಳಿಗೆ ಸುಮಾರು 1.47. ಸಿಲಿಕಾಕ್ಕೆ ಸುಮಾರು 1.46, ಕೇಯೊಲಿನ್ ಎಂಬ ಬಿಳಿ ಜೇಡಿಗೆ 1.56, ಟಾಲ್ಕಿಗೆ 1.58. ಜಿಂಕ್ ಆಕ್ಸೈಡಿಗೆ 2. ಟೈಟಾನಿಯಂ ಡೈ ಆಕ್ಸೈಡಿಗೆ 2.5ಕ್ಕೂ ಹೆಚ್ಚು. ಈ ಅಂಕಿಗಳಲ್ಲಿಯೇ ಅರ್ಧ ರಹಸ್ಯವಿದೆ. ಸಿಲಿಕಾ, ಜೇಡಿ, ಟಾಲ್ಕು—ಇವು ಡಬ್ಬಿಯಲ್ಲಿ ಹಾಲಿನಂತೆ ಬೆಳ್ಳಗಿದ್ದರೂ ಎಣ್ಣೆಯಲ್ಲಿ ನೆನೆದೊಡನೆ ಭಜಿಯ ಕಾಗದದಂತೆ ಬಹುಮಟ್ಟಿಗೆ ಮರೆಯಾಗುತ್ತವೆ. ಜಿಂಕೂ ಟೈಟಾನಿಯಮ್ಮೂ ಎಣ್ಣೆಯಲ್ಲಿಯೂ ಬೆಳ್ಳಗೇ ಉಳಿಯುತ್ತವೆ. ಸುಣ್ಣ ಬಳಿದಂಥ ಬಿಳುಪಿಗೆ ಕಾರಣ ಅವು. ಆದರೆ ಅತಿನೇರಳೆ ಕಿರಣಗಳನ್ನು ಹೀರಿ ಚರ್ಮವನ್ನು ಕಾಯುವವೂ ಅವೇ. ಆದುದರಿಂದ ಒಳ್ಳೆಯ ಖನಿಜ ಲೇಪದಲ್ಲಿ ಎರಡು ಬಗೆಯ ಪುಡಿಗಳಿರುತ್ತವೆ: ಕಾಯುವ ಪುಡಿ ಒಂದು, ಮಿಂಚು ಅಡಗಿಸುವ ಪುಡಿ ಇನ್ನೊಂದು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಮುಖಕ್ಕೆ ಪೌಡರ್ ಬಳಿದುಕೊಂಡು ಬಿಸಿಲಿಗೆ ಹೊರಟವರು ಮಿಂಚನ್ನು ಅಡಗಿಸಿಕೊಂಡಿದ್ದಾರೆಯೇ ಹೊರತು ಬಿಸಿಲನ್ನು ತಡೆದಿಲ್ಲ.

ಮಿಂಚು ಅಡಗಿಸುವ ಪುಡಿಗಳಲ್ಲಿ ಟಾಲ್ಕು ಈ ಸೀಮೆಯವರಿಗೆ ಹೊಸ ಪರಿಚಯವಲ್ಲ. ಹಾವೇರಿಯ ಪಶ್ಚಿಮಾಭಿಮುಖವಾದ ಸಿದ್ಧೇಶ್ವರ ದೇವಾಲಯವನ್ನೂ, ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯವನ್ನೂ ನೋಡಿದವರು, ಕಲ್ಲಿನಲ್ಲಿ ಅಷ್ಟು ನಾಜೂಕಿನ ಕೆತ್ತನೆ ಹೇಗೆ ಸಾಧ್ಯವಾಯಿತೆಂದು ಬೆರಗಾಗದೆ ಇರರು. ಶಿಲ್ಪಿಗಳ ಕೈಚಳಕದೊಡನೆ ಕಲ್ಲಿನ ಗುಣವೂ ಅದಕ್ಕೆ ಕಾರಣ. ಅದು ಬಳಪದ ಕಲ್ಲು. ಚಾಲುಕ್ಯರ ಕಾಲದಿಂದ ಶಿಲ್ಪಿಗಳು ಮೆಚ್ಚಿಕೊಂಡ ಮೆದು ಕಲ್ಲು. ಆ ಕುಲದ ಕಲ್ಲುಗಳಿಗೆ ಮೆದುತನವನ್ನು ಕೊಡುವ ಖನಿಜವೇ ಟಾಲ್ಕು. ಖನಿಜಗಳ ಗಡಸುತನವನ್ನು ಅಳೆಯುವ ಮೋಹ್ಸ್ ಪಟ್ಟಿಯಲ್ಲಿ ವಜ್ರಕ್ಕೆ 10, ಟಾಲ್ಕಿಗೆ 1, ಉಗುರಿನಿಂದ ಗೀರಬಹುದು. ಒಂದು ತಲೆಮಾರಿನ ಮಕ್ಕಳು ಪಾಟಿಯ ಮೇಲೆ ತೀಡಿ ಅಕ್ಷರ ಕಲಿತ ಬಿಳಿಯ ಬಳಪವೂ, ಅವರ ತಾಯಂದಿರು ಹಚ್ಚಿಕೊಂಡ ಪೌಡರೂ ಒಂದೇ ಮನೆತನದವು.

ಟಾಲ್ಕಿನ ಕಣಗಳು ಇಸ್ಪೀಟಿನ ಎಲೆಗಳಂತೆ ಚಪ್ಪಟೆ. ಒಂದರ ಮೇಲೊಂದು ಜಾರುತ್ತವೆ. ಬೆರಳಿಗೆ ಹಾಯೆನಿಸುವ ಆ ನುಣುಪು ಅದರಿಂದಲೇ. ಆದರೆ ಚಪ್ಪಟೆಯಾದ ಕಣ ಚಿಕ್ಕ ಕನ್ನಡಿಯೂ ಹೌದು. ಟಾಲ್ಕು ಮಿಂಚನ್ನು ಪೂರ್ತಿ ಅಳಿಸದೆ ಒಂದಿಷ್ಟು ಉಳಿಸುತ್ತದೆ. ಅಭ್ರಕದಲ್ಲಿ ಈ ಗುಣ ಇನ್ನೂ ಹೆಚ್ಚು: ದಪ್ಪ ಕಣದ ಅಭ್ರಕ ಮುಖವನ್ನು ಹೊಳೆಯಿಸುತ್ತದೆ, ಬಹಳ ನುಣ್ಣಗೆ ಮಾಡಿದ್ದು ಮಾತ್ರ ಸೌಮ್ಯವಾಗಿ ಕಾಣುತ್ತದೆ. ಮಿಂಚು ಬೇಡವೆನ್ನುವವರು ಅಭ್ರಕದಿಂದ ದೂರವಿರುವುದು ಲೇಸು.

ಕೇಯೊಲಿನ್ ಎಂಬ ಬಿಳಿ ಜೇಡಿಗೆ ಆ ಹೆಸರು ಬಂದದ್ದು ಚೀನಾ ದೇಶದ ಗಾವೊಲಿಂಗ್ ಎಂಬ ಊರಿನಿಂದ. ಪಿಂಗಾಣಿಯ ಮೂಲದ್ರವ್ಯ ಅದು. ಹೊಳಪಿಲ್ಲದ, ಗಂಭೀರವಾದ ಬಿಳುಪು. ಎಣ್ಣೆಯನ್ನೂ ಬೆವರನ್ನೂ ಹೀರುತ್ತದೆ. ಚರ್ಮಕ್ಕೆ ಚೆನ್ನಾಗಿ ಅಂಟುತ್ತದೆ. ದೋಷವೆಂದರೆ ಬೆರಳು ಜಾರದು. ಹೆಚ್ಚಾದರೆ ಮುಖ ಬಿಗಿದಂತಾಗುತ್ತದೆ. ಮನೆಯ ಹೆಂಗಸರಿಗೆ ಪರಿಚಿತವಾದ ಮುಲ್ತಾನಿ ಮಣ್ಣು ಇದರ ಬಳಗದ್ದೇ. ಆದರೆ ಅದರ ಹೀರುವಿಕೆ ಉಗ್ರ. ಹಚ್ಚಿ ತೊಳೆಯುವುದಕ್ಕೆ ಅದು ಸರಿ. ದಿನವಿಡೀ ಮುಖದ ಮೇಲಿರಬೇಕಾದ ಲೇಪಕ್ಕೆ ಅಲ್ಲ.

ಇತ್ತೀಚಿನ ದಶಕಗಳಲ್ಲಿ ಲೇಪ ತಯಾರಕರ ಮೆಚ್ಚಿನ ಪುಡಿ ಸಿಲಿಕಾ—ನದಿಯ ಮರಳಲ್ಲ, ರಾಸಾಯನಿಕವಾಗಿ ತಯಾರಿಸಿದ, ಹರಳುಗಟ್ಟದ ಸಿಲಿಕಾ. ಇದರ ಗುಂಡುಕಣಗಳು ರಾಗಿಯಕಾಳಿನಂತೆ ಉರುಳುತ್ತವೆ. ಕೆಲವು ಬಗೆಗಳಲ್ಲಿ ಕಣದ ಒಳಗೆಲ್ಲ ರಂಧ್ರಗಳು. ಅಂಥದು ತನ್ನ ತೂಕಕ್ಕಿಂತಲೂ ಹೆಚ್ಚು ಎಣ್ಣೆಯನ್ನು ಕುಡಿಯಬಲ್ಲದು. ಯಾವ ಪುಡಿ ಎಷ್ಟು ಎಣ್ಣೆ ಕುಡಿಯುತ್ತದೆಂದು ತಿಳಿಯಲು ರಸಾಯನಶಾಸ್ತ್ರಜ್ಞರು ಅನುಸರಿಸುವ ಕ್ರಮ ರೊಟ್ಟಿಯ ಹಿಟ್ಟು ಕಲಸುವ ಕ್ರಮವೇ: ತೂಗಿದ ಪುಡಿಗೆ ಅಗಸೆಯೆಣ್ಣೆಯನ್ನು ಹನಿಹನಿಯಾಗಿ ಸೇರಿಸಿ ಅರೆಯುತ್ತ, ಅದು ಮುದ್ದೆಗೂಡಿದ ಕ್ಷಣಕ್ಕೆ ನಿಲ್ಲಿಸಿ, ಹಿಡಿಸಿದ ಎಣ್ಣೆಯನ್ನು ಲೆಕ್ಕಹಾಕುವುದು.

ಹುಡುಗಿ ತನ್ನ ಕಾಲೇಜಿನ ಪ್ರಯೋಗಾಲಯದಲ್ಲಿ ಅಧ್ಯಾಪಕರ ಕಣ್ಣಮುಂದೆ ನಾಲ್ಕು ಬಟ್ಟಲುಗಳನ್ನಿಟ್ಟಳು. ನಾಲ್ಕರಲ್ಲಿಯೂ ಒಂದೇ ಜಿಂಕ್ ಲೇಪ. ಮೊದಲನೆಯದಕ್ಕೆ ನೂರಕ್ಕೆ 3 ಪಾಲು ಟಾಲ್ಕು. ಎರಡನೆಯದಕ್ಕೆ ಅಷ್ಟೇ ಜೇಡಿ. ಮೂರನೆಯದಕ್ಕೆ ಅಷ್ಟೇ ರಂಧ್ರಸಿಲಿಕಾ. ನಾಲ್ಕನೆಯದು ಹೋಲಿಕೆಗಾಗಿ ಬರಿದೆ. ಒಂದೊಂದನ್ನೂ ಸಮತೂಕದಲ್ಲಿ ಗಾಜಿನ ಪಟ್ಟಿಯ ಮೇಲೆ ಎಳೆದು, ಆರಿದ ಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ಬಳಿಕ ಮುಂಗೈಯ ಮೇಲೆ ಹಚ್ಚಿ ನೋಡಿದಳು. ಬರಿಯ ಲೇಪ ಮಿಂಚಿತು. ಟಾಲ್ಕು ಸೇರಿದ್ದು ನುಣ್ಣಗೆ ಹರಡಿತು. ಮಿಂಚು ಅರ್ಧ ಇಳಿಯಿತು. ಜೇಡಿಯದು ಮಂಕಾಯಿತು, ಆದರೆ ಕೈಗೆ ಒರಟೆನಿಸಿತು. ಸಿಲಿಕಾದ್ದು ಮಖಮಲ್ಲಿನಂತಾಯಿತು.

“ಇದನ್ನ ಹಾಕೋಣ, ಇನ್ನೂ ಜಾಸ್ತಿ ಹಾಕೋಣ” ಎಂದು ಆಕೆಗೆ ಅನಿಸಿದ್ದು ಸಹಜ. ಅಪಾಯವಿರುವುದು ಇಲ್ಲಿಯೇ. ಬಿಸಿಲನ್ನು ತಡೆಯುವುದು ಲೇಪದ ಅಖಂಡವಾದ ಪದರ. ಜಿಂಕಿನ ಕಣಗಳು ಆ ಪದರದಲ್ಲಿ ಸಮನಾಗಿ ಹರಡಿರಬೇಕು. ಹರಡಿರುವುದಕ್ಕೆ ಎಣ್ಣೆ ಬೇಕು. ಹೀರುವ ಪುಡಿ ಮಿತಿಮೀರಿದರೆ ಚರ್ಮದ ಎಣ್ಣೆಗಿಂತ ಮೊದಲು ಲೇಪದ ಎಣ್ಣೆಯನ್ನೇ ಕುಡಿದುಬಿಡುತ್ತದೆ. ಆಗ ಜಿಂಕ್ ಗಂಟುಗಟ್ಟುತ್ತದೆ. ಪದರ ಬೇಸಗೆಯ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಕಣ್ಣಿಗೆ ಮುಖ ಅಂದವಾಗಿ ಕಾಣುತ್ತಿರುತ್ತದೆ. ಬಿರುಕುಗಳೊಳಗಿನಿಂದ ಕಿರಣಗಳು ಸಲೀಸಾಗಿ ಇಳಿಯುತ್ತಿರುತ್ತವೆ. ಮಿಂಚು ಹೋದದ್ದನ್ನು ಕಣ್ಣು ಕಾಣಬಲ್ಲದು. ರಕ್ಷಣೆ ಹೋದದ್ದನ್ನು ಕಾಣಲಾರದು. ಆದುದರಿಂದಲೇ ಪುಡಿ ಬದಲಾದಾಗಲೆಲ್ಲ, ಪ್ರಮಾಣ ಬದಲಾದಾಗಲೆಲ್ಲ, ಲೇಪವನ್ನು ಒರಟು ಮೇಲ್ಮೈಯ ಪಾರದರ್ಶಕ ಪ್ಲಾಸ್ಟಿಕ್ ಫಲಕದ ಮೇಲೆ ಹಚ್ಚಿ, ಎಷ್ಟು ಅತಿನೇರಳೆ ಕಿರಣ ತೂರಿಬರುತ್ತದೆಂದು ಯಂತ್ರದಿಂದ ಅಳೆಯಬೇಕಾಗುತ್ತದೆ. ಮನೆಯಲ್ಲಿ ಈ ಅಳತೆ ಸಾಧ್ಯವಿಲ್ಲ. ಅಂಗಡಿಯಿಂದ ತಂದ ಲೇಪಕ್ಕೆ ಅಡಿಗೆಮನೆಯಲ್ಲಿ ಪೌಡರ್ ಕಲಸುವವರು ಡಬ್ಬಿಯ ಮೇಲಿನ ಅಂಕಿಯನ್ನು ತಾವೇ ಅಳಿಸಿಹಾಕಿದಂತೆ.

ಕೊನೆಗೆ ಆಕೆ ನಿಂತದ್ದು ಮಿಶ್ರಣಕ್ಕೆ: ಸ್ವಲ್ಪ ಸಿಲಿಕಾ, ಸ್ವಲ್ಪ ಜೇಡಿ, ಒಂದು ಎಣ್ಣೆ ಕುಡಿಯಲು, ಇನ್ನೊಂದು ಅಂಟಿ ನಿಲ್ಲಲು. ಎರಡೂ ಸೇರಿ ನೂರಕ್ಕೆ 3 ಪಾಲನ್ನು ಮೀರಲಿಲ್ಲ. ಅಧ್ಯಾಪಕರು ಅಳತೆ ಮಾಡಿಸಿದ ಮೇಲೆಯೇ ಅದನ್ನು ಒಪ್ಪಿಕೊಂಡರು.

ಟಾಲ್ಕನ್ನು ಆಕೆ ಬಿಟ್ಟದ್ದಕ್ಕೆ ಇನ್ನೊಂದು ಕಾರಣವಿದ್ದಿತು. ನೆಲದೊಳಗೆ ಟಾಲ್ಕು ಇರುವ ಕಡೆಗಳಲ್ಲಿ ಕೆಲವೊಮ್ಮೆ ಕಲ್ನಾರೂ ಇರುತ್ತದೆ. ಕಲ್ನಾರು ಕ್ಯಾನ್ಸರಿಗೆ ಕಾರಣವೆಂಬುದು ನಿರ್ವಿವಾದ. ಶೋಧಿಸಿ ಪರೀಕ್ಷಿಸಿದ ಟಾಲ್ಕಿನಲ್ಲಿ ಅದು ಇರಕೂಡದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2024ರಲ್ಲಿ ಟಾಲ್ಕನ್ನೇ ‘ಬಹುಶಃ ಕ್ಯಾನ್ಸರ್‌ಕಾರಕ’ ವರ್ಗಕ್ಕೆ ಸೇರಿಸಿತು. ಇದರಿಂದ ಮನೆಯಲ್ಲಿರುವ ಪೌಡರಿನ ಡಬ್ಬಿಯನ್ನು ಕಂಡು ನಡುಗಬೇಕಾಗಿಲ್ಲ. ಆ ವಿಂಗಡಣೆ ಸಾಕ್ಷ್ಯದ ಬಲವನ್ನು ಹೇಳುತ್ತದೆ, ಅಪಾಯದ ಪ್ರಮಾಣವನ್ನಲ್ಲ. ಆದರೆ ಬೇರೆ ಪುಡಿ ದೊರೆಯುವಾಗ ಅದನ್ನು ಆರಿಸುವುದರಲ್ಲಿ ನಷ್ಟವೇನೂ ಇಲ್ಲ.

ಪುಡಿ ಯಾವುದೇ ಇರಲಿ, ಮೂಗಿನ ವಿಷಯ ಬೇರೆ. ಲೇಪದಲ್ಲಿ ನೆನೆದ ಪುಡಿ ಚರ್ಮದ ಮೇಲೆ ನಿಲ್ಲುತ್ತದೆ. ಗಾಳಿಗೆ ಹಾರಿದ ಪುಡಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹರಳುಗಟ್ಟಿದ ಸಿಲಿಕಾದ ಧೂಳು ತರುವ ಸಿಲಿಕೋಸಿಸ್ ರೋಗಕ್ಕೆ ಮದ್ದಿಲ್ಲ. ಮಧ್ಯಪ್ರದೇಶದ ಮಂದಸೌರಿನಲ್ಲಿ ಪಾಟಿಯ ಕಡ್ಡಿ ಕೊಯ್ಯುತ್ತಿದ್ದ ಕಾರ್ಮಿಕರು ಆ ಧೂಳನ್ನು ಕುಡಿದು ಎಳೆಯ ವಯಸ್ಸಿನಲ್ಲಿಯೇ ಉಸಿರು ಕಳೆದುಕೊಂಡ ಕಥೆ ವೈದ್ಯಗ್ರಂಥಗಳಲ್ಲಿ ದಾಖಲಾಗಿದೆ. ಲೇಪಕ್ಕೆ ಬಳಸುವ ಹರಳುಗಟ್ಟದ ಸಿಲಿಕಾ ಅಷ್ಟು ಕ್ರೂರವಲ್ಲ; ಆದರೂ ಒಣಪುಡಿಯನ್ನು ತೂಗುವವರು ಮೂಗಿಗೆ ಮುಸುಕು ಹಾಕಿಕೊಂಡು, ಬೀಸಣಿಗೆ ನಿಲ್ಲಿಸಿ ತೂಗಬೇಕು. ರಂಗೋಲಿಯ ಪುಡಿ, ಗೋಡೆಯ ಸುಣ್ಣ, ಕಾರ್ಖಾನೆಯ ಬಳಪದ ಪುಡಿ—ಇವು ಎಷ್ಟೇ ನುಣ್ಣಗಿದ್ದರೂ ಮುಖಕ್ಕೆ ತಕ್ಕವಲ್ಲ.

ಮಿಂಚು ಅಡಗಿದ ಮೇಲೂ ಜಿಂಕಿನ ಬಿಳುಪು ಉಳಿಯಿತಲ್ಲ? ಕಂದುಬಣ್ಣದ ಮುಖದ ಮೇಲೆ ಅದು ಬೂದಿಯಂತೆ ಕಾಣುತ್ತದೆ. ಇದಕ್ಕೆ ಪರಿಹಾರ ಕಬ್ಬಿಣದ ಆಕ್ಸೈಡು—ಮನೆಯ ಗೋಡೆಗೆ ಕಾವಿಯ ಬಣ್ಣ ಕೊಡುವ ದ್ರವ್ಯವೇ. ಬೆವರುಸಾಲೆಗೆ ಹಚ್ಚುವ ಕ್ಯಾಲಮೈನ್ ದ್ರವದ ಗುಲಾಬಿ ಬಣ್ಣವೂ ಇದರದೇ. ಅದರಲ್ಲಿಯೂ ಜಿಂಕ್ ಆಕ್ಸೈಡಿಗೆ ಚಿಟಿಕೆಯಷ್ಟು ಕಬ್ಬಿಣದ ಆಕ್ಸೈಡು ಕೂಡಿರುತ್ತದೆ. ಕೆಂಪು, ಹಳದಿ, ಕಪ್ಪು—ಮೂರು ಆಕ್ಸೈಡುಗಳನ್ನು ಹದವಾಗಿ ಬೆರೆಸಿದರೆ ಲೇಪ ಮುಖದ ಬಣ್ಣಕ್ಕೆ ಹೊಂದುತ್ತದೆ. ಬಂಗು ಇರುವವರಿಗೆ ಇದರಿಂದ ಮತ್ತೊಂದು ಲಾಭವಿದೆ. ಅತಿನೇರಳೆ ಕಿರಣ ಮಾತ್ರವಲ್ಲದೆ ಕಣ್ಣಿಗೆ ಕಾಣುವ ನೀಲಿ-ನೇರಳೆ ಬೆಳಕು ಕೂಡ ಕಂದು ಚರ್ಮದಲ್ಲಿ ಕಪ್ಪನ್ನು ಎಬ್ಬಿಸುತ್ತದೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಆ ಬೆಳಕನ್ನು ತಡೆಯುವುದರಲ್ಲಿ ಕಬ್ಬಿಣದ ಆಕ್ಸೈಡು ಸಮರ್ಥ. ಹಾಗೆಂದು ಹೊಲದ ಕೆಮ್ಮಣ್ಣನ್ನು ಅರೆದು ಹಚ್ಚುವಂತಿಲ್ಲ. ನೆಲದ ಮಣ್ಣಿನಲ್ಲಿ ಸೀಸ, ಪಾಷಾಣಗಳಂಥ ವಿಷಗಳು ಬೆರೆತಿರಬಹುದು. ಪ್ರಸಾಧನಕ್ಕೆ ಬಳಸುವುದು ಶುದ್ಧವಾಗಿ ತಯಾರಿಸಿದ ಆಕ್ಸೈಡು.

ದೊಡ್ಡವ್ವನ ಕೈಗೆ ಲೇಪ ಬಂದಾಗ ಹುಡುಗಿ ಎರಡು ಕಟ್ಟಳೆಗಳನ್ನು ಹೇಳಿದಳು. ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳಿನ ಉದ್ದದಷ್ಟು ಹಚ್ಚಬೇಕು. ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮಧ್ಯಾಹ್ನದ ಹೊತ್ತಿಗೆ ಪುಡಿ ಹೊಟ್ಟೆತುಂಬ ಎಣ್ಣೆ ಕುಡಿದು ಮಿಂಚು ಮರಳುವುದು ಸಹಜ. ಆಗ ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆದು ಲೇಪವನ್ನೇ ಹಚ್ಚಬೇಕು, ಬರಿಯ ಪೌಡರನ್ನಲ್ಲ.

“ಚಲೋ ಐತಿ. ನಮ್ಮ ಸಾಲಿ ಅಕ್ಕಾರಿಗೆಲ್ಲ ಮಾಡಿಕೊಡ್ತಿಯೇನು? ರೊಕ್ಕ ಕೊಡ್ತಾರ” ಎಂದರು ದೊಡ್ಡವ್ವ ಕನ್ನಡಿಯ ಮುಂದೆ ನಿಂತು.

“ಮಾರಾಕ ಲೈಸೆನ್ಸ್ ಬೇಕು ದೊಡ್ಡವ್ವ. ಇದು ಕಲಿಯಾಕ ಮಾಡಿದ್ದು” ಎಂದಳು ಹುಡುಗಿ.

ಹುಡುಗಿಯ ಮಾತು ಸರಿ. ಭಾರತದ 2020ರ ಪ್ರಸಾಧನ ದ್ರವ್ಯಗಳ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ಇಂಥ ಲೇಪ ತಯಾರಿಸುವವರು ಪರವಾನಿಗೆ ಪಡೆದಿರಬೇಕು. ಕೊಳ್ಳುವವರು ಮಾಡಬೇಕಾದುದು ಇಷ್ಟು: ಡಬ್ಬಿಯ ಮೇಲಿನ ದ್ರವ್ಯಗಳ ಪಟ್ಟಿಯನ್ನು ಓದುವುದು. ಕಾಯುವ ಪುಡಿಯಾಗಿ ಜಿಂಕ್ ಅಥವಾ ಟೈಟಾನಿಯಂ ಇದೆಯೆ? ಮಿಂಚು ಅಡಗಿಸಲು ಸಿಲಿಕಾ ಅಥವಾ ಕೇಯೊಲಿನ್ ಇದೆಯೆ? ಬಂಗು ಇರುವವರಿಗೆ ಕಬ್ಬಿಣದ ಆಕ್ಸೈಡು ಇದೆಯೆ? ಒಣಚರ್ಮದವರಿಗೆ ಮಿಂಚು ಅಡಗಿಸುವ ಪುಡಿಯೇ ಬೇಡ. ಮಿಂಚು ದೋಷವಲ್ಲ, ಅದರಿಂದ ರಕ್ಷಣೆ ಕಡಮೆಯಾಗುವುದೂ ಇಲ್ಲ.

ಮರುದಿನ ಉಪಾಧ್ಯಾಯಿನಿ ಹುಡುಗಿಯನ್ನು ಊರಿಗೆ ಬಿಡಲು ರಾಣೆಬೆನ್ನೂರಿನ ಬಸ್ಸು ಹತ್ತಿದರು. ದಾರಿಯ ಪಕ್ಕದ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಂಗಸರು ಸಾಲಾಗಿ ಬಾಗಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುತ್ತಿದ್ದರು. ಹೈಬ್ರಿಡ್ ಬೀಜಕ್ಕೆ ರಾಣೆಬೆನ್ನೂರು ಹೆಸರಾದದ್ದು ಇಂಥ ಕೈಗಳಿಂದ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೂ ಕೆನ್ನೆಗೂ ಸುತ್ತಿದ ಬಟ್ಟೆ. ಅವರ ಬಳಿ ಜಿಂಕಿಲ್ಲ, ಸಿಲಿಕಾ ಇಲ್ಲ. ಆದರೆ ದಟ್ಟವಾದ ನೇಯ್ಗೆಯ ಬಟ್ಟೆ ಬೆವರಿಗೆ ಕರಗದು, ಎರಡು ಗಂಟೆಗೊಮ್ಮೆ ಹಚ್ಚಬೇಕಾಗಿಲ್ಲ, ಪದರ ಬಿರುಕು ಬಿಡುವುದಿಲ್ಲ.

ಉಪಾಧ್ಯಾಯಿನಿ ಅವರನ್ನು ನೋಡುತ್ತ ಕಿಟಕಿಯ ಬಿಸಿಲಿಗೆ ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡರು. ಲೇಪವಿದ್ದರೂ ಸೆರಗು ಬೇಕು. ಸೆರಗು ಮುಚ್ಚದ ಜಾಗಕ್ಕೆ ಲೇಪ ಬೇಕು. ಆ ಲೇಪವನ್ನು ನಾಳೆಯೂ ಹಚ್ಚಿಕೊಳ್ಳುವ ಮನಸ್ಸು ಬರುವುದಕ್ಕೆ ಚಿಟಿಕೆ ಪುಡಿಯೂ ಬೇಕು.